ಕಡ ತಂದ ಮೂಗು

ಜ್ವರ ಬಿಟ್ಟು ಹೋಗುವಾಗ ಮೂಗಿನೊಳಗಿದ್ದದ್ದನ್ನೂ
ಗಂಟು ಕಟ್ಟಿಕೊಂಡು ಹೋಯಿತು.
ಉಸಿರಿದೆ, ನೆಗಡಿಯಿಲ್ಲ, ಮೂಗುಬೊಟ್ಟೂ ಇದ್ದಲ್ಲೇ ಇದೆ,
ವಾಸನೆ ಮಾತ್ರ ಇಲ್ಲ.
ಬೆಳಿಗ್ಗೆ ಕಿಟಕಿ ತೆರೆದರೆ ಮಂಡಕ್ಕಿ ಭಟ್ಟಿಗಳ ಹೊಗೆ
ಕಣ್ಣಿಗೆ ಕಾಣುತ್ತದೆ,
ಹಗ್ಗದ ಮೇಲಿನ ಬಿಳಿ ಪಂಚೆಗೆ ಮಸಿ ಕೂತದ್ದು ಕಾಣುತ್ತದೆ.
ನಲವತ್ತು ವರ್ಷ ಬೈದುಕೊಂಡ ಆ ನಾತ
ಈಗ ಯಾರಾದರೂ ಮಾರಿದರೆ
ಒಂದು ಸೇರು ಅಕ್ಕಿ ಕೊಟ್ಟು ಕೊಳ್ಳುತ್ತೇನೆ.

ಯಜಮಾನರಿಗೆ ಹೇಳಿರಲಿಲ್ಲ.
ಒಂಬತ್ತು ದಿನ ಅಡುಗೆ ಮಾಡಿದೆ, ಒಂಬತ್ತು ದಿನವೂ
'ಹೆಂಗೈತ್ರಿ?' ಅಂದೆ. 'ಚಲೋ ಐತಿ' ಅಂದರು.
ಹತ್ತನೆಯ ದಿನ ಬಾಣಲೆ ತಿಕ್ಕುವಾಗ ನೋಡಿದೆ,
ತಳದಲ್ಲಿ ಅಂಗೈಯಗಲ ಕಪ್ಪು.
ಬೂದಿ ಹಾಕಿ ಕೆರೆದೆ, ನಾರು ಹಾಕಿ, ಕೊನೆಗೆ ಉಗುರು ಹಾಕಿ.
ಸೀದದ್ದು. ನಿನ್ನೆಯದು. ಮೊನ್ನೆಯದೂ ಇರಬೇಕು.
ಗಿರಣಿಯಲ್ಲಿ ಮೂವತ್ತು ವರ್ಷ ನೂಲು ಹಿಡಿದು
ಎಳೆಯಲ್ಲಿ ಗಂಟಿದ್ದರೆ ಕತ್ತಲಲ್ಲೂ ಹೇಳುತ್ತಿದ್ದ ಮನುಷ್ಯ
ಸೀದ ಪಲ್ಯ ಉಂಡು, ಮೇಲೆ ಒಂದು ಚೊಂಬು ನೀರು ಕುಡಿದು
ಚಲೋ ಐತಿ ಅಂದಿದ್ದರು.
ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಮುಬೀನಾ, ಎರಡನೇ ಕ್ಲಾಸು,
ಕಡ ಸಕ್ಕರೆಗೆ ಲೋಟ ಹಿಡಿದು ನಿಂತಿದ್ದಳು.
'ಸಕ್ರಿ ಕೊಡ್ತೀನಿ. ಒಂದು ತಾಸು ನಿನ್ನ ಮೂಗು ಕಡ ಕೊಡ್ತೀಯೇನು?'
ನಕ್ಕಳು. ಮೇಲಿನ ಎರಡು ಹಲ್ಲು ಇರಲಿಲ್ಲ.

ಕೊಂಡಜ್ಜಿ ಕಡೆಯಿಂದ ಬುಟ್ಟಿ ಹೊತ್ತು ಬರುವ ಹಾಲಮ್ಮನ ಬದನೆ,
ಗುಂಡಗೆ, ತೊಟ್ಟಿಗೆ ಮುಳ್ಳು.
ತೊಟ್ಟು ಬಿಡದಂತೆ ನಾಲ್ಕು ಸೀಳು, ಉಪ್ಪುನೀರು.
ಕೈಗೆ ಎಲ್ಲ ಗೊತ್ತು. ಕೈಗೆ ಜ್ವರ ಬಂದಿರಲಿಲ್ಲ.

ಶೇಂಗಾ ಹುರಿಯುತ್ತಾ ಕೇಳಿದೆ, ಏನು ವಾಸನೆ?
'ಬಸ್ ಸ್ಟ್ಯಾಂಡು.'
ಎಳ್ಳಿಗೆ ಬಹಳ ಹೊತ್ತು ಕಣ್ಣು ಮುಚ್ಚಿ,
'ಇಸ್ತ್ರಿ ಮಾಡಿದ ಯೂನಿಫಾರ್ಮು.'
ಗುರೆಳ್ಳಿಗೆ, 'ಗೊತ್ತಿಲ್ಲ, ಕರ್ರಗೈತಿ.'
ಕೊತ್ತಂಬರಿ ಬೀಜಕ್ಕೆ, 'ನಮ್ಮ ನಾನಿ.'
ಲವಂಗಕ್ಕೆ ಏನೂ ಅನ್ನದೆ
ಹಲ್ಲಿಲ್ಲದ ಜಾಗ ಮುಟ್ಟಿ ತೋರಿಸಿದಳು.
ಇಷ್ಟು ವರ್ಷ ಮೂಸಿದ್ದೇನೆ,
ಎಳ್ಳಿನಲ್ಲಿ ಇಸ್ತ್ರಿಪೆಟ್ಟಿಗೆ ಇದೆಯೆಂದು ಯಾವತ್ತೂ ಹೊಳೆದಿರಲಿಲ್ಲ.

ಕೊಬ್ಬರಿ ಬಾಣಲೆಗೆ ಬಿದ್ದು
ನಾನು ಹುಣಸೆ ಕಿವುಚುತ್ತಿದ್ದೆ.
'ಅಜ್ಜೀ, ಮೇಣದಬತ್ತಿ ಆರಿಸ್ದಂಗೆ!'
ಇಳಿಸಿದೆ. ಕಂದು ಇನ್ನೂ ಕಪ್ಪಾಗಿರಲಿಲ್ಲ,
ನಡುವೆ ಒಂದು ಉಸಿರಿನಷ್ಟು ಜಾಗ.
ಆ ಜಾಗದಲ್ಲೇ ನಾನು ಇಷ್ಟು ದಿನ ಸಂಸಾರ ಮಾಡಿದ್ದು.

ಆಮೇಲೆ ಮೆಣಸಿನಕಾಯಿ.
ಮುಬೀನಾ ಸೀನಿದಳು. ನಾನೂ ಸೀನಿದೆ.
ಪಡಸಾಲೆಯಲ್ಲಿ ಪೇಪರು ಹಿಡಿದವರು ಮೂರು ಸಲ ಸೀನಿದರು.
ಘಾಟಿಗೆ ಮೂಗಿನ ಹಂಗಿಲ್ಲ,
ಗಂಟಲು ಸಾಕು, ಕಣ್ಣು ಸಾಕು.
ಸೆರಗಿನಿಂದ ಒರೆಸಿಕೊಳ್ಳಲು ಒಳ್ಳೆಯ ನೆಪ.

ಅರೆದೆ, ಬೆಲ್ಲ ಹಾಕಿದೆ, ಸೀಳಿನೊಳಗೆ ತುಂಬಿದೆ.
ಬೆಂದದ್ದು ಕಿವಿಗೆ ತಿಳಿಯಿತು.
ನೀರಿರುವ ತನಕ ಕುದಿತ ಬಾಯಿಬಡುಕಿ,
ಎಣ್ಣೆ ಮೇಲೆ ಬಂದಾಗ ಪಿಸುಮಾತು.

ಖಡಕ್ ರೊಟ್ಟಿ, ಅದರ ಮೇಲೆ ಎರಡೆರಡು ಬದನೆಕಾಯಿ.
ಮುಬೀನಾ ಉಫ್ ಉಫ್ ಎಂದು ಊದಿ ತಿಂದು
'ಬೆಲ್ಲ ಸಾಲ್ದು' ಅಂದಳು.
ಅವರು ಅವಳನ್ನು ನೋಡಿದರು. ನನ್ನನ್ನು ನೋಡಿದರು.
ತುತ್ತು ನುಂಗಿದರು, ಚೊಂಬು ಮುಟ್ಟಲಿಲ್ಲ.
'ಹೂಂ. ಸ್ವಲ್ಪ ಸಾಲ್ದು' ಅಂದರು,
ತಮಗೇ ಹೇಳಿಕೊಂಡಂತೆ.
ನಾನು ಡಬ್ಬಿ ತರಲು ಎದ್ದವಳು
ಒಳಗೆ ಸ್ವಲ್ಪ ಹೊತ್ತು ನಿಂತೇ ಇದ್ದೆ.

ಬೆಲ್ಲದಚ್ಚು ಮೂಸಿದೆ. ಏನೂ ಇಲ್ಲ.
ಇಸ್ತ್ರಿ, ನಾನಿ, ಮೇಣದಬತ್ತಿ ಎಂದು ಹೇಳಿಕೊಂಡೆ.
ಆಗಲೂ ಏನೂ ಇಲ್ಲ.

ಗೋಡೆಯಾಚೆಯಿಂದ ಅವಳಮ್ಮನ ಕೂಗು:
ಏ ಮುಬೀನಾ, ಚಾಕ್ಕಿಟ್ಟ ನೀರು ಬತ್ತಿ ಹೋತು,
ಸಕ್ರಿ ಎಲ್ಲೇ?