ಫ್ರೇನೊ

ಹೊರಗಿನಿಂದ ಏನೂ ಆಗಿರಲಿಲ್ಲ ಅದಕ್ಕೆ.
ಒಂದೆರಡು ಬಿರುಕು, ಬೇಸಿಗೆಯ ಹಿಮ್ಮಡಿಯಲ್ಲಿ ಇರುವಂಥದ್ದು.
ಕುಯ್ದು ಬೆಳಕಿಗೆ ಹಿಡಿದೆ:
ಒಳಗೊಳಗೇ ಊದಿಕೊಂಡ ರಬ್ಬರು,
ಸೂಜಿ ತೂರುವಷ್ಟೂ ದಾರಿಯಿಲ್ಲ.
ಕಾಲು ಅದುಮಿದರೆ ಎಣ್ಣೆ ಹೇಗೋ ನುಗ್ಗುತ್ತದೆ,
ಕಾಲೆತ್ತಿದರೆ ಮರಳಿ ಬರಲೊಲ್ಲದು.
ಹಿಡಿದದ್ದು ಹಿಡಿದೇ ಇರುತ್ತದೆ.

ಮೊನ್ನೆ ಮಸ್ಸಾವಾದಿಂದ ಅಸ್ಮಾರಾಕ್ಕೆ ಏರುವಾಗ
ನೆಫಾಸಿತ್ ದಾಟಿದ ಮೇಲೆ, ಮಂಜಿನೊಳಗೆ,
ಎಡಗಡೆಯ ಮುಂದಿನ ಗಾಲಿ ಕಾದ ಕಾವಲಿ.
ಕಟ್ಟೆಯ ಮೇಲೆ ಕೂತ ಬಬೂನುಗಳು
ನನ್ನನ್ನು ನೋಡಿದವು, ಹೊಗೆಯನ್ನು ನೋಡಿದವು,
ಮತ್ತೆ ಹೇನು ಹೆಕ್ಕತೊಡಗಿದವು.

ಮಾವನ ಫಿಯೆಟ್ ಇದು, ನನಗಿಂತ ಆರು ವರ್ಷ ದೊಡ್ಡದು.
ಬ್ರೇಕಿಗೆ ಇಲ್ಲಿ ಈಗಲೂ ಫ್ರೇನೊ ಎನ್ನುತ್ತೇವೆ;
ಅದುಮಿದ ಇಟಲಿಯವರು ಎಂದೋ ಕಾಲು ತೆಗೆದರು,
ಪದ ಬಿಟ್ಟುಕೊಂಡಿಲ್ಲ.

ಹೊಸ ಕೊಳವೆ ಮೂರು. ಟೊರಿನೊದಿಂದ
ಷಡ್ಡಕ ತೆವೊಲ್ದೆ ಕಾಲುಚೀಲದಲ್ಲಿ ಸುತ್ತಿ ತಂದದ್ದು.
ಹಳೆಯ ನಟ್ಟು ಮಾತ್ರ ಜಪ್ಪಯ್ಯ ಅಂದರೂ ಕದಲದು.
ಮೂರು ರಾತ್ರಿ ಡೀಸೆಲ್ ಕುಡಿಸಿದೆ,
ಬೈದೆ, ಬೆರಳ ಗೆಣ್ಣಿನ ತೊಗಲು ಕೊಟ್ಟೆ.
ನಾಲ್ಕನೇ ಬೆಳಗ್ಗೆ, ನಾನೇ ಮುಗ್ಗರಿಸುವಂತೆ,
ಸುಮ್ಮನೆ ತಿರುಗಿತು.

ಇನ್ನು ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು.
ಸೆನಾಯಿತ್ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು.
ಹೊಸ್ತಿಲಲ್ಲಿ ಅತ್ತೆ ಲೆತೆಬ್ರಹಾನ್ ಕಾಫಿ ಬೀಜ ಹುರಿಯುತ್ತಿದ್ದರು.
ಮಾವನ ಅಕಾರ್ಡಿಯನ್ ಮಾರಿ
ಈ ಕಾರಿಗೆ ಪಿಸ್ಟನ್ ಹಾಕಿಸಿದ ದಿನದಿಂದ, ಒಂಬತ್ತು ವರ್ಷ,
ನನ್ನ ತಟ್ಟೆಗೆ ಬಡಿಸಿದ್ದಾರೆ,
ನನ್ನ ಜತೆ ಮಾತಾಡಿಲ್ಲ.

ಕರೆಯಲಿಲ್ಲ ನಾನು. ಬಾಣಲಿ ಇಳಿಸಿ ತಾವೇ ಬಂದರು,
ಬಿಳಿ ನೆಟ್ಸೆಲಾ ಹೆಗಲಿಗೆ ಬಿಗಿದು,
ಚಪ್ಪಲಿ ಕಳಚಿ
ಬರಿಗಾಲನ್ನು ಪೆಡಲಿನ ಮೇಲಿಟ್ಟರು.

"ಒತ್ತಿ."
"ಹಿಡೀರಿ."
ಸ್ಕ್ರೂ ಕಾಲು ಸುತ್ತು ಸಡಿಲ; ಜೇನಿನ ಸೀಸೆಯಲ್ಲಿ ಗುಳುಗುಳು.
ಬಿಗಿದೆ. "ಬಿಡಿ."

ಹಿಂದಿನ ಬಲ. ಹಿಂದಿನ ಎಡ.
ಕಪ್ಪು ಗಸಿ ಬಂತು, ಆಮೇಲೆ ಚಹಾ ಬಣ್ಣ.
ಒತ್ತಿ, ಹಿಡೀರಿ, ಬಿಡಿ.
ಒಂಬತ್ತು ವರ್ಷದಲ್ಲಿ ನಾನು ಅವರಿಗೆ
ಇಷ್ಟು ಹೇಳಿದ್ದಿಲ್ಲ, ಅವರು ಕೇಳಿದ್ದೂ ಇಲ್ಲ.

ನಾಲ್ಕನೆಯ ಗಾಲಿಗೆ ಬರುವ ಹೊತ್ತಿಗೆ ಬೀಜ ಆರಿತ್ತು.
ಮೇಲಿನಿಂದ ಒಂದು ದನಿ:
"ಗಾಳಿ ಇನ್ನೂ ಇದೆಯೇನೋ?"

ಗುಳ್ಳೆ ನಿಂತು ಎರಡು ಸುತ್ತಾಗಿತ್ತು.
ಸೀಸೆಯಲ್ಲಿ ಎಣ್ಣೆ ತಿಳಿ, ಹಳದಿ, ಅಲುಗದೆ.
"ಸ್ವಲ್ಪ ಇದೆ ಅಮ್ಮ," ಅಂದೆ.
"ಒತ್ತಿ."