ಮೂರು ತಂತಿ

ಬೆರ್ತಿ ಮಾಮನ ಪಿಟೀಲಿಗೆ ಮೂರೇ ತಂತಿ.
ಕುದುರೆ ಚಪ್ಪಟೆ. ಕಮಾನು ಇಟ್ಟರೆ
ಮೂರೂ ಒಟ್ಟಿಗೇ ಕೂಗಬೇಕು,
ಒಂದೇ ತಟ್ಟೆಗೆ ಕೈಹಾಕಿದ ಅಣ್ಣತಮ್ಮಂದಿರ ಹಾಗೆ.
ಪದ ನುಡಿಸುವವನು ಅವನ ತಮ್ಮ ಮಾರ್ಟ್ಸಿ.
ಇವನದು ಬರೀ ಒತ್ತು,
ಕುಣಿಯುವವರ ಹಿಮ್ಮಡಿಯ ಕೆಳಗೆ ಹಾಸಿದ ಹಲಗೆ.

ಟ್ರಾನ್ಸಿಲ್ವೇನಿಯದ ಆ ಮದುವೆಮನೆಗೆ
ನಾನು ಕ್ಲುಜ್ ಪಟ್ಟಣದಿಂದ ಹೋದವಳು.
ಚೀಲದಲ್ಲಿ ಐದು ಗೆರೆಯ ಪುಸ್ತಕ, ಶ್ರುತಿಕಡ್ಡಿ,
ಹಾರ್ಮನಿ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಾರು.
ಮೂರನೇ ಸಾಲಿಗೇ ಪೆನ್ಸಿಲು ನಿಂತಿತು.
ತಮ್ಮ ಅಳುತ್ತ ಮೈನರ್‌ನಲ್ಲಿ ಇಳಿಯುತ್ತಿದ್ದಾನೆ,
ಅಣ್ಣ ಕೆಳಗಿನಿಂದ ರಾಜಾರೋಷವಾಗಿ ಮೇಜರ್!
ಅಕ್ಕಪಕ್ಕದ ಎರಡು ಗಾಂಧಾರ
ಭುಜ ತಾಗಿಸಿಕೊಂಡು ಉರಿಯುತ್ತಿವೆ.

ಕೋಳಿಸಾರು ಮುಗಿದ ಮೇಲೆ ಮೆಲ್ಲಗೆ ಹೇಳಿದೆ:
ಮಾಮಾ, ಅಲ್ಲಿ ನಿಮ್ಮ ಬೆರಳು ಒಂಚೂರು ಹಿಂದೆ ಬರಬೇಕು.
ಯಾಕೆ, ಅಂದ.
ಬರೆದು ತೋರಿಸಿದೆ. ಕಾರಣ, ಕಾರಣದ ಕಾರಣ.
ಹಾಳೆಯನ್ನು ತಲೆಕೆಳಗು ಹಿಡಿದು ನೋಡಿದ.
‘ಗೊದಮೊಟ್ಟೆ ಚೆನ್ನಾಗಿವೆ.
ಕಪ್ಪೆಯಾಗುವುದು ಯಾವಾಗ?’

ಆದರೂ ಮುಂದಿನ ಸುತ್ತಿಗೆ ನಾನು ಹೇಳಿದಂತೆಯೇ ಹಿಡಿದ,
ಮನೆಗೆ ಬಂದವಳ ಮಾತು ಅಂತ.
ಸರಿಯಾಗಿತ್ತು. ಪುಸ್ತಕದಷ್ಟು ಸರಿ.
ಮದುಮಗನ ಅಜ್ಜಿ ರೊಜಾಲಿಯಾ ಎಂಟು ಹೆಜ್ಜೆ ಹಾಕಿ ನಿಂತಳು,
ಅಡುಗೆಮನೆಯ ಕಡೆ ತಿರುಗಿ ಕೇಳಿದಳು:
‘ಯಾರು ಹೋದರು?’

ಬೆರ್ತಿ ಮಾಮ ನನ್ನತ್ತ ನೋಡಲಿಲ್ಲ.
ಬೆರಳನ್ನು ಮುಂದಕ್ಕೆ ಜಾರಿಸಿದ, ಅಷ್ಟೆ.
ಹಲಗೆ ಮತ್ತೆ ಕೂತಿತು,
ಅಜ್ಜಿ ಮತ್ತೆ ಗಿರಗಿರ.

ಇಲ್ಲಿಗೇ ಮುಗಿದಿದ್ದರೆ
ಸುಖವಾಗಿ ಸೋತು, ಹೋದಲ್ಲೆಲ್ಲ
ಈ ಕಥೆ ಹೇಳಿಕೊಂಡು ತಿರುಗುತ್ತಿದ್ದೆ.

ನಾಲ್ಕು ಚಳಿಗಾಲ ಕಳೆದು ಮೊಮ್ಮಗಳು ಚಿಲ್ಲಾ ಫೋನು ಮಾಡಿದಳು:
ಆ ಪುಸ್ತಕ ತರಬೇಕಂತೆ.
ಮಾರ್ಟ್ಸಿ ಮಣ್ಣಾಗಿದ್ದ.
ಬೆರ್ತಿ ಮಾಮನ ಬಲಗಿವಿ ಪೂರ್ತಿ ಹೋಗಿತ್ತು,
ಎಡಗಿವಿಯಲ್ಲಿ ಹಗಲೂ ರಾತ್ರಿ ಒಂದೇ ಜೀರುಂಡೆ.
‘ತಮ್ಮನ ಮುಂಜಾವಿನ ಪದ
ಒಳಗೆ ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.
ನಿನ್ನ ಗೊದಮೊಟ್ಟೆ ಸಾಯುವುದಿಲ್ಲ, ಅಲ್ಲವಾ?’

ಪುಟ ಹದಿನೇಳು. ನುಡಿಸಿದೆ.
ನನ್ನ ಪಿಟೀಲಿನ ಮೈಗೆ ಗದ್ದ ಒತ್ತಿ,
ಕಣ್ಣು ಮುಚ್ಚಿ, ಎಲುಬಿನಲ್ಲಿ ಕೇಳಿದ.
ಒಂದು ಕಡೆ ಕೈ ಎತ್ತಿದ.
‘ಇಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಿದ್ದ. ಬರಿ.’
ಉಸಿರಿಗೆ ಚಿಹ್ನೆ ಇದೆ, ಒಂದು ಅಲ್ಪವಿರಾಮ. ಬರೆದೆ.
‘ಇಲ್ಲಿ ಅವನು ತಡ. ನಾನು ಕಾಯುತ್ತಿದ್ದೆ.’
ಎಷ್ಟು ಹೊತ್ತು, ಮಾಮಾ?
ಹಾಳೆಯ ಮೇಲೆ ದೊಡ್ಡದಾಗಿ ಬರೆದು ಕೇಳಿದೆ.
ಚಿಲ್ಲಾ ಓದಿ ಹೇಳಿದಳು, ಅವನ ಕಿವಿಗೆ ಬಾಯಿಟ್ಟು.
‘ಅವನು ಬರುವವರೆಗೆ.’

ಅದಕ್ಕೂ ಒಂದು ಗುರುತಿದೆ, ಕಮಾನಿನ ಕೆಳಗೊಂದು ಚುಕ್ಕಿ.
ಪರೀಕ್ಷೆಯಲ್ಲಿ ಕೇಳಿದ್ದರು.
ಬರೆಯಲು ಹೊರಟವಳು ಸುಮ್ಮನಾದೆ:
ಅವನು ಆಗಲೇ ಮೂರು ತಂತಿಯದನ್ನು ಎದೆಗೆ ಆನಿಸಿ
ಮೇಜರ್ ಹಿಡಿದು ಕೂತಿದ್ದ.
ಕಮಾನು ಹೋಗುತ್ತಿತ್ತು, ಬರುತ್ತಿತ್ತು.

ಪುಟ ನೋಡಿಕೊಂಡೇ ನುಡಿಸಿದೆ.
ಆ ಜಾಗ ಬಂದಾಗ
ಬೇಕೆಂದೇ ಒಂಚೂರು ತಡವಾಗಿ ಬಂದೆ.