ಹುಬ್ಬಿನ ಮೇಲಿನ ಪಟ್ಟಿ

ಹಲ್ ಬಂದರಿನಲ್ಲಿ ಮೀನು ಹಡಗುಗಳು ನಿಂತು ಮೂರನೇ ಚಳಿಗಾಲ.
ಬಾರಿನ ಬಾಗಿಲಲ್ಲಿ ಕಾನ್‌ಸ್ಟೇಬಲ್ ಟಿಂಡಾಲ್ ತಲೆ ಹಾಕಿ
ಸಂತೆಯಲ್ಲಿ ಕುರಿ ನೋಡುವಂತೆ ನಮ್ಮನ್ನು ನೋಡಿದ:
"ನಲವತ್ತರ ಆಸುಪಾಸು, ಆರಡಿ, ಕೆಂಚು ಗಡ್ಡ.
ಐದು ಪೌಂಡು. ಮೇಲೊಂದು ಚಹಾ."
ನಾನು ಎದ್ದೆ. ರೆಗ್ ಎದ್ದ. ಕಸಾಯಿ ಅಂಗಡಿಯ ಹುಡುಗ ಎದ್ದು,
ಗಿಡ್ಡನೆಂದು ಮತ್ತೆ ಕೂತ.

ಆರೋಪಿಗೆ ಎಡಹುಬ್ಬಿನ ಮೇಲೆ ಗಾಯದ ಗುರುತಂತೆ.
ಅದಕ್ಕೇ ಒಂಬತ್ತೂ ಮಂದಿಯ ಹುಬ್ಬಿಗೆ ಬಿಳಿ ಪಟ್ಟಿ;
ಇನ್‌ಸ್ಪೆಕ್ಟರೇ ಅಂಟಿಸಿದ,
ಬಾಸಿಂಗ ಕಟ್ಟುವಷ್ಟು ನಾಜೂಕಾಗಿ.

ನಿಲ್ಲುವ ಜಾಗ ಆರೋಪಿಯದೇ ಆಯ್ಕೆ, ಅದು ಕಾನೂನು.
ಅವನು ಬಂದು ನನ್ನ ಪಕ್ಕ ನಿಂತ.
ಸೋಪಿನ ವಾಸನೆ. ನನ್ನಂಥದೇ ಹರಕು ಬೂಟು.
"ಚಳಿ," ಅಂದ.
"ಹೂಂ," ಅಂದೆ.

ಅಂಗಡಿಯ ಮುದುಕಿ ಬಂದಳು, ಮುಷ್ಟಿಯಲ್ಲಿ ಮುದುಡಿದ ಕೈಗವಸು.
ಒಂದು ಸಲ ನಡೆದಳು. ತಿರುಗಿ ಇನ್ನೊಂದು ಸಲ.
ಏನೂ ಮಾಡದವನ ಮುಖ ಮಾಡಲು ಹೋದೆ,
ಅದು ಹೇಗಿರುತ್ತದೆಂಬುದೇ ಮರೆತುಹೋಯಿತು.
ನವೆಂಬರ್ ಎಂಟರ ರಾತ್ರಿ ಎಲ್ಲಿದ್ದೆ?
ಮನೆಯಲ್ಲಿ. ಐವಿಗೆ ರಾತ್ರಿಪಾಳಿ.
ಕಂಡದ್ದು ಕೆಟಲ್ಲೊಂದೇ.

ಅವಳ ಕೈ ನನ್ನ ಭುಜದ ಮೇಲೆ ಬಿತ್ತು.
"ಇವನೇ. ಈ ಕಣ್ಣು ನಾನು ಸಾಯೋವರೆಗೂ ಮರೆಯಲ್ಲ."
ಯಾರೂ ನನ್ನನ್ನು ಹಿಡಿಯಲಿಲ್ಲ. ಟಿಂಡಾಲ್ ಪೆನ್ನಿಗೆ ಮುಚ್ಚಳ ಹಾಕಿದ.
ಪಕ್ಕದವನು ಉಸಿರು ಬಿಟ್ಟ,
ನನ್ನ ಕಿವಿಗೆ ಬೆಚ್ಚಗೆ ತಾಗುವಷ್ಟು.

ಐದು ಪೌಂಡಿಗೆ ಸಹಿ ಹಾಕಿದೆ. ಚಹಾ ಆರಿತ್ತು.
ಮನೆಗೆ ಬಂದರೆ ಐವಿ, "ಏನದು ಗಾಯ?" ಎಂದು
ಪಟ್ಟಿಗೆ ಕೈ ಹಾಕಿದಳು.
ಬೇಡ, ಅಂದೆ.
ಇನ್ನೂ ಒಣಗಿಲ್ಲ.